ಮೊದಲ ತಟ್ಟೆ

ಮಗಳ ಎಡಗಡೆಯ ಜಡೆ ಮುಗಿದು ಬಲಗಡೆಯದು ಅರ್ಧಕ್ಕೆ ಬಂದಿತ್ತು, ಫೋನು ಹೊಡೆದುಕೊಂಡಿತು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿ, ಕೂದಲಿನ ಮೂರೂ ಎಳೆಗಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯಿಂದ ಫೋನು ಎತ್ತಿದೆ. ಕ್ಲಿನಿಕ್ಕಿನ ನರ್ಸು.

“ನಿಮ್ಮ ಮೂರು ತಿಂಗಳ ಶುಗರ್ ರಿಪೋರ್ಟು ಬಂದಿದೆ. ಒಂಬತ್ತು.”

ಬಾಚಣಿಗೆ ಬಾಯಿಂದ ಕಳಚಿ ಬಿತ್ತು. “ಎಷ್ಟಂದ್ರಿ?”

“ಒಂಬತ್ತು. ಹೋದ ಸಲ ಒಂಬತ್ತು ಪಾಯಿಂಟ್ ಎರಡಿತ್ತು. ಏಳರ ಹತ್ರ ಬರ್ಬೇಕಿತ್ತು.” ಅವಳು ದನಿ ಇಳಿಸಿ ಹೇಳಿದಳು, “ಡಾಕ್ಟರು ಕೇಳ್ತಿದಾರೆ... ನೀವು ನಿಜವಾಗ್ಲೂ ಅನ್ನ, ಬ್ರೆಡ್ಡು ಬಿಟ್ಟಿದೀರಾ ಅಂತ.”

ಬಿಟ್ಟಿದ್ದೆ. ಮೂರು ತಿಂಗಳಿಂದ ಬಿಟ್ಟಿದ್ದೆ. ಅನ್ನ ಇಲ್ಲ, ಬ್ರೆಡ್ಡು ಇಲ್ಲ, ಆಲೂಗಡ್ಡೆ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಮೊಟ್ಟೆ, ಎಲೆಕೋಸು, ಸೊಪ್ಪು, ಸೌತೆಕಾಯಿ, ಮೊಸರು. ಮತ್ತೆ ಮೊಟ್ಟೆ. ಮನೆಯ ಹಿಂದಿನ ಕೋಳಿಗಳು ನನ್ನನ್ನು ಕಂಡರೆ ದೂರ ಸರಿಯುವಷ್ಟು ಮೊಟ್ಟೆ ತಿಂದಿದ್ದೆ. ಮಾತ್ರೆ ಒಂದು ಹೊತ್ತೂ ತಪ್ಪಿಸಿರಲಿಲ್ಲ. ತಿಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಕಾಲಿನ ಹೆಬ್ಬೆರಳ ಮೇಲೆ ಆದ ಒಂದು ಸಣ್ಣ ಗಾಯ ಒಣಗಲು ಆರು ವಾರ ತೆಗೆದುಕೊಂಡಾಗ ಡಾಕ್ಟರು ಹೇಳಿದ್ದು ಒಂದೇ ಮಾತು: “ನಿಮ್ಮ ತಾಯಿಯ ಕಾಲನ್ನು ನಾನೇ ನೋಡಿದೀನಿ. ನಿಮ್ಮದನ್ನ ಹಾಗೆ ನೋಡೋಕೆ ನಂಗಿಷ್ಟ ಇಲ್ಲ.”

ನನಗೂ ಇಷ್ಟವಿಲ್ಲ. ನನ್ನ ಕೆಲಸ ನಿಂತುಕೊಂಡು ಮಾಡುವಂಥದ್ದು. ನನ್ನ ಎರಡು ಕಾಲೂ ನನಗೆ ಬೇಕು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಎಲೆಕೋಸು ಹೆಚ್ಚುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. “ನನ್ನ ಒಂದು ಚಪ್ಪಲಿ ಯಾವಾಗ್ಲೂ ಹೊಸದು” ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ನನಗೆ ಮಾತ್ರ ಆ ನಗು ಬರುವುದಿಲ್ಲ.

“ಕಳ್ಳಬೆಕ್ಕಿನ ಹಾಗೆ ಏನಾದ್ರೂ ಕದ್ದು ತಿಂತೀಯೇನೇ?” ಎಂದಳು.

“ಇಲ್ಲಮ್ಮ. ನಿನ್ನಾಣೆ.”

“ನನ್ನಾಣೆ ಹಾಕ್ಬೇಡ ಮಾರಾಯ್ತಿ. ಈಗಾಗ್ಲೇ ಒಂದು ಕಾಲು ಹೋಗಿದೆ.”

ನೋಟ್‌ಬುಕ್ಕು ತಂದು ಅವಳ ಮುಂದೆ ಹಿಡಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಒಂದು ಗೆರೆಯೂ ಖಾಲಿಯಿಲ್ಲ, ಒಂದು ಗೆರೆಯೂ ಸುಳ್ಳಲ್ಲ. ಅರ್ಧ ಜಡೆಯ ಮಗಳು ನನ್ನ ತೋಳಿನಡಿಯಿಂದ ತಲೆ ತೂರಿಸಿ ಓದತೊಡಗಿದಳು. ಅವಳಿಗೆ ಅಮ್ಮ ಇಟ್ಟ ಹೆಸರು ಜೀರಿಗೆ. ಎಂಟು ವರ್ಷ. ಕಣ್ಣಿಗೆ ಕಾಣುವಷ್ಟು ದೊಡ್ಡವಳಲ್ಲ, ಹಲ್ಲಿಗೆ ಸಿಕ್ಕರೆ ಗೊತ್ತಾಗುತ್ತಾಳೆ.

“ಮೊದಲ ತಟ್ಟೆ ಬರ್ದೇ ಇಲ್ವಲ್ಲ ಅಮ್ಮಾ” ಎಂದಳು.

ಅಮ್ಮನ ಚಾಕು ನಿಂತಿತು.

ನಾನು ಜೀರಿಗೆ ಓದುವ ಶಾಲೆಯ ಅಡುಗೆಯವಳು. ಮುನ್ನೂರ ಹತ್ತು ಮಕ್ಕಳಿಗೆ ಮಧ್ಯಾಹ್ನದ ಊಟ. ಅಲ್ಲಿ ಒಂದು ಪದ್ಧತಿಯಿದೆ. ಊಟದ ಗಂಟೆ ಹೊಡೆಯುವ ಮೊದಲು, ಮಕ್ಕಳೆಲ್ಲ ಸಾಲಾಗಿ ಕೂತು ನೋಡುತ್ತಿರುವಾಗ, ಊಟದ ಹಾಲ್‌ನಲ್ಲಿ ಮುಂದಿನ ಮೇಜಿನ ಬಳಿ ಅಡುಗೆಯವಳು ನಿಂತು ಆ ದಿನದ ಅಡುಗೆಯನ್ನು ಒಂದು ತಟ್ಟೆ ಪೂರ್ತಿ ತಿನ್ನಬೇಕು. ಆಮೇಲೆಯೇ ಗಂಟೆ. ನಾನು ಬರುವುದಕ್ಕೆ ಮೊದಲು, ಹಳಸಿದ್ದನ್ನು ತಿಂದು ನಲವತ್ತು ಮಕ್ಕಳು ಒಂದೇ ಮಧ್ಯಾಹ್ನ ವಾಂತಿ ಮಾಡಿಕೊಂಡಿದ್ದರಂತೆ. ಅಂದಿನ ಅಡುಗೆಯವಳು ಮನೆಯಿಂದ ತಂದ ಡಬ್ಬಿ ತಿಂದು ಆರಾಮಾಗಿದ್ದಳಂತೆ. ಅಂದಿನಿಂದ ಮೊದಲ ತಟ್ಟೆ ಅಡುಗೆಯವಳದ್ದು.

ಹನ್ನೊಂದು ವರ್ಷದಿಂದ ನಾನು ಅದನ್ನು ತಿನ್ನುತ್ತಿದ್ದೇನೆ. ಅನ್ನ, ಆಲೂಗಡ್ಡೆ, ಕೆಲವು ದಿನ ಎರಡು ತುಂಡು ಬ್ರೆಡ್ಡು. ತಿಂದು, ಕೈ ತೊಳೆದು, ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ಒಳಗಿಟ್ಟು, ಆಮೇಲೆ ನನ್ನ ಡಬ್ಬಿ ಬಿಚ್ಚಿ ಎಲೆಕೋಸು ತಿನ್ನುತ್ತಿದ್ದೆ. “ಮಧ್ಯಾಹ್ನ ಏನು ತಿಂತೀರಿ?” ಎಂದು ಡಾಕ್ಟರು ಕೇಳಿದಾಗ ಎಲೆಕೋಸು ಎಂದೇ ಹೇಳಿದೆ. ಸುಳ್ಳು ಹೇಳಲಿಲ್ಲ. ಒಲೆ ಒರೆಸುವುದು, ಅಕ್ಕಿ ಆರಿಸುವುದು, ಮೊದಲ ತಟ್ಟೆ ತಿನ್ನುವುದು, ಇವೆಲ್ಲ ನನಗೆ ಒಂದೇ ಸಾಲಿನ ಕೆಲಸಗಳು. ಕೆಲಸವನ್ನು ಯಾರಾದರೂ ಊಟ ಅನ್ನುತ್ತಾರೆಯೇ?

“ಒಳ್ಳೇದಾಯ್ತು” ಎಂದಳು ಅಮ್ಮ ಕೊನೆಗೆ. “ಕಳ್ಳ ಸಿಕ್ಕಿಬಿದ್ದ. ಮನೆಗೆಲ್ಲ ಬೀಗ ಹಾಕ್ಕೊಂಡು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ವಿ, ಅವನು ಮುನ್ನೂರು ಮಕ್ಕಳ ಎದುರಿಗೇ ರಾಜಾರೋಷವಾಗಿ ಬಂದು ಹೋಗ್ತಿದ್ದ.”

ಅಂದೇ, ಸೋಮವಾರವೇ, ಹೆಡ್ ಮೇಡಮ್ಮಿನ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಆ ನಲವತ್ತು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಿದವರು ಅವರೇ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು.

“ಪಾತ್ರೆ ತೊಳೆಯೋಳು ತಿನ್ನಲಿ ಮೇಡಂ. ಅವಳಿಗೆ ಯಾವ ಕಾಯಿಲೆನೂ ಇಲ್ಲ. ಕಲ್ಲು ಕೊಟ್ರೂ ಅರಗಿಸ್ಕೊತಾಳೆ.”

“ಅಡುಗೆ ಮಾಡ್ದೋಳು ತಿನ್ಬೇಕು. ಮಕ್ಕಳು ನೋಡೋದು ನಿಮ್ಮ ಬಾಯಿ.”

“ಹಾಗಾದ್ರೆ ಎಲ್ಲದರಲ್ಲೂ ಒಂದೊಂದು ಚಮಚ ತಿಂತೀನಿ.”

“ಒಂದು ಚಮಚ ಅಂದ್ರೆ ರುಚಿ ನೋಡಿದ ಹಾಗೆ. ಒಂದು ತಟ್ಟೆ ಅಂದ್ರೆ ನಂಬಿಕೆ. ನಂಗೆ ಬೇಕಿರೋದು ಎರಡನೇದು” ಎಂದರು. ಹಾಗೆ ಹೇಳಿ ಬಾಗಿಲವರೆಗೂ ಬಂದು ನನ್ನ ಬೆನ್ನು ತಟ್ಟಿದರು.

ಬೆನ್ನು ತಟ್ಟಿಸಿಕೊಂಡು ಬಂದು ನನಗೆ ಸರಿ ಕಂಡದ್ದನ್ನೇ ಮಾಡಿದೆ. ಅಂದು ಎಲ್ಲದರಲ್ಲೂ ಒಂದೊಂದು ಚಮಚ. ಮಂಗಳವಾರವೂ ಅಷ್ಟೇ. ಮಕ್ಕಳ ಕಣ್ಣು ನಮಗಿಂತ ಚುರುಕು. ಮಂಗಳವಾರ ಮಧ್ಯಾಹ್ನವೇ ಏಳನೇ ಕ್ಲಾಸಿನವರ ಸಾಲಿನಲ್ಲಿ ಗುಸುಗುಸು ಶುರುವಾಗಿತ್ತು. ಆ ಸಾಲಿನ ಕೊನೆಯಲ್ಲಿ ಕೂರುವ ಒಬ್ಬ ಉದ್ದನೆಯ ಹುಡುಗಿ ಅನ್ನವನ್ನು ಮೂಸಿ ನೋಡಿ ತಟ್ಟೆ ದೂಡಿದಳು.

ಬುಧವಾರ ಅನ್ನದ ಪಾತ್ರೆ ಅರ್ಧ ತುಂಬಿಕೊಂಡೇ ಅಡುಗೆಮನೆಗೆ ವಾಪಸು ಬಂತು. ಹನ್ನೊಂದು ವರ್ಷದಲ್ಲಿ ನನ್ನ ಪಾತ್ರೆ ಹಾಗೆ ವಾಪಸು ಬಂದದ್ದಿಲ್ಲ. ಪಾತ್ರೆ ತೊಳೆಯುವವಳು ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಳು.

“ಹೊರಗೆ ಏನಂತಿದಾರೆ ಗೊತ್ತಾ ಅಕ್ಕಾ?”

“ಏನಂತೆ?”

“ಅಡುಗೆಯವಳೇ ತಿನ್ನಲ್ಲ ಅಂದ್ಮೇಲೆ ಒಳಗೆ ಏನೋ ಬಿದ್ದಿರ್ಬೇಕು ಅಂತ. ಒಬ್ಬ ಹಲ್ಲಿ ಅಂತಾನೆ. ಇನ್ನೊಬ್ಬ ಇಲಿ ಅಂತಾನೆ. ನಾಳೆ ಹೊತ್ಗೆ ಆನೆ ಬಿದ್ದಿರುತ್ತೆ ನೋಡಿ.”

ನನಗೆ ನಗು ಬಂತು, ಆದರೆ ಕಣ್ಣು ತುಂಬಿಕೊಂಡೇ ಬಂತು. ಮುನ್ನೂರು ಹೊಟ್ಟೆಗಳಲ್ಲಿ ಅರ್ಧ ಆ ಮಧ್ಯಾಹ್ನ ಹಸಿದೇ ಪಾಠಕ್ಕೆ ಹೋಗಿದ್ದವು. ನನ್ನ ಕಾಲಿನ ಕಾರಣಕ್ಕೆ.

ಹೆಡ್ ಮೇಡಂ ಈ ಸಲ ಅಡುಗೆಮನೆಗೇ ಬಂದರು. “ನಾಳೆ ಪೂರ್ತಿ ತಟ್ಟೆ. ಇಲ್ದಿದ್ರೆ ನಾನು ಬೇರೆ ಅಡುಗೆಯವರನ್ನ ನೋಡ್ಬೇಕಾಗುತ್ತೆ. ನಂಗೂ ಬೇಜಾರೇ.”

ಗುರುವಾರ ಪೂರ್ತಿ ತಟ್ಟೆ ತಿಂದೆ.

ಇದನ್ನು ಮುಚ್ಚಿಡುವುದಿಲ್ಲ. ಬಿಟ್ಟಿದ್ದು ಮೂರೇ ದಿನ, ಆದರೂ ಬಿಸಿ ಅನ್ನ ನಾಲಿಗೆಗೆ ತಗುಲಿದಾಗ ತವರಿಗೆ ಬಂದಂತಾಯಿತು. ಬೇಯಿಸಿದ ಆಲೂಗಡ್ಡೆ ಬೆಣ್ಣೆಯಲ್ಲಿ ಜಾರಿ ಗಂಟಲಿಗಿಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಗಂಟೆ ಹೊಡೆಯಿತು, ಪಾತ್ರೆಗಳು ಖಾಲಿಯಾಗಿ ಬಂದವು. ಎಲ್ಲರಿಗೂ ಸಮಾಧಾನ. ನಾನು ಸಾಮಾನಿನ ಕೋಣೆಗೆ ಹೋಗಿ ಅಕ್ಕಿಮೂಟೆಯ ಮೇಲೆ ಕೂತು, ಹೇಗೂ ಬಿದ್ದಾಯಿತಲ್ಲ ಎಂದುಕೊಂಡು, ಉಳಿದಿದ್ದ ಬ್ರೆಡ್ಡಿಗೆ ಬೆಣ್ಣೆ ಸಕ್ಕರೆ ಹಚ್ಚಿ ಆರು ತುಂಡು ತಿಂದೆ. ಏಳನೆಯದಕ್ಕೆ ಕೈ ಹಾಕಿದಾಗ ಪಾತ್ರೆ ತೊಳೆಯುವವಳು ಇಣುಕಿದಳು.

“ಅಕ್ಕಾ, ಬಾಗ್ಲು ಹಾಕ್ಕೊಂಡಾದ್ರೂ ತಿನ್ನಬಾರ್ದಾ” ಎಂದಳು. ಅವಳೇ ಬಾಗಿಲು ಹಾಕಿ, ಹೊರಗೆ ಕಾವಲು ನಿಂತಳು.

ಸಂಜೆ ಮನೆಯಲ್ಲಿ ಪಾದ ನೋಡುವ ಹೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಅಂಗಾಲ ಹುಣ್ಣಿಗೆ ಬೇಕೇ ಬೇಕು. ಕಾಲಿನ ಬೆರಳುಗಳಲ್ಲಿ ನನಗೆ ಅಷ್ಟಾಗಿ ಸ್ಪರ್ಶವಿಲ್ಲ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹಾಗಾಗಿ ದಿನವೂ ಸಂಜೆ ಜೀರಿಗೆ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸಣ್ಣ ಕನ್ನಡಿ ಹಿಡಿದು, ನನ್ನ ಎರಡೂ ಅಂಗಾಲುಗಳನ್ನು ತಪಾಸಣೆ ಮಾಡುತ್ತಾಳೆ. ಡಾಕ್ಟರಿಗಿಂತ ಹೆಚ್ಚು ಗಂಭೀರ. ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾಳೆ.

“ಎಲ್ಲಾ ಸರಿ ಇದೆ” ಎಂದಳು. ಆಮೇಲೆ ಟಾರ್ಚು ಆರಿಸದೆ, ಕಾಲನ್ನೂ ಬಿಡದೆ ಕೂತೇ ಇದ್ದಳು. “ಅಮ್ಮಾ...”

“ಏನು ಕಂದಾ?”

ಬಾಯಿ ತೆರೆದಳು, ಮುಚ್ಚಿದಳು. “ಮೊಸಳೆಗೂ ಶುಗರ್ ಬರುತ್ತಾ?”

“ಗೊತ್ತಿಲ್ಲ ಕಂದಾ. ಬಂದ್ರೆ ಪಾಪ, ನಾಕು ಕಾಲು ನೋಡ್ಕೋಬೇಕು.”

ಅವಳು ನಗಲಿಲ್ಲ. ಕೆಲವು ವಾರಗಳಿಂದ ಹೀಗೆಯೇ. ಮೊಸಳೆ, ಆನೆ, ಚಂದ್ರನ ಮೇಲೆ ಹೋದವರು, ಎಲ್ಲರ ಶುಗರ್ ವಿಚಾರಿಸುತ್ತಾಳೆ. ಅವಳು ಕೇಳಬೇಕೆಂದಿರುವುದು ಅದಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಾಲನ್ನೂ ಅಜ್ಜಿಯ ಕಾಲಿನಂತೆ ತೆಗೆಯುತ್ತಾರಾ, ಅದೇ ಇರಬೇಕು ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಒತ್ತಾಯಿಸಿ ಕೇಳಿಸುವುದು ಬೇಡ, ಹಣ್ಣು ತಾನಾಗಿ ಬೀಳಲಿ ಎಂದು ಕಾಯುತ್ತಿದ್ದೆ.

ಅವಳು ಹೋಂವರ್ಕಿಗೆ ಕೂತ ಮೇಲೆ ಅಮ್ಮನ ಪಕ್ಕ ಕೂತು ಎಲ್ಲ ಹೇಳಿದೆ. ತಟ್ಟೆ, ಅಕ್ಕಿಮೂಟೆ, ಆರು ತುಂಡು. ಏಳನೆಯದನ್ನೂ ಹೇಳಿದೆ, ಅದನ್ನು ಬಾಗಿಲು ಹಾಕಿದ ಮೇಲೆ ತಿಂದಿದ್ದೆ.

“ನನ್ನಿಂದ ಆಗಲ್ಲಮ್ಮ” ಎಂದೆ.

ಅಮ್ಮ ಬೈಯಲಿಲ್ಲ. ಇಲ್ಲದ ಕಾಲಿನ ಕಡೆ ಸೀರೆಯ ನೆರಿಗೆ ಸರಿಪಡಿಸಿಕೊಂಡಳು.

“ನಾನೂ ಬಿದ್ದಿದ್ದೆ ಕಣೆ. ಹತ್ತು ಸಲ ಬಿಟ್ಟೆ, ಹತ್ತು ಸಲ ತಿಂದೆ. ಬಿದ್ದಿದ್ದಕ್ಕೆ ನನ್ನ ಕಾಲು ಹೋಗ್ಲಿಲ್ಲ. ಬಿದ್ದ ಮೇಲೆ, ಇನ್ನೇನು, ಬಿದ್ದಾಯ್ತಲ್ಲ ಅಂತ ಅಲ್ಲೇ ಹಾಸಿಗೆ ಹಾಸ್ಕೊಂಡು ಮಲಗ್ದೆ ನೋಡು, ಅದಕ್ಕೆ ಹೋಯ್ತು.” ನನ್ನ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. “ಈ ಹೊತ್ತಿಗೆ ಏನು ತಿಂತೀಯ ಅದನ್ನ ನೋಡು. ಮಧ್ಯಾಹ್ನದ್ದು ಮಧ್ಯಾಹ್ನಕ್ಕೆ ಹೋಯ್ತು. ಏಳು, ಮೊಟ್ಟೆ ಬೇಯ್ಸು. ನಂಗೂ ಒಂದು.”

ಎದ್ದೆ. ಮೊಟ್ಟೆ ಬೇಯಿಸಿದೆ. ನೋಟ್‌ಬುಕ್ಕು ತೆಗೆದು ಗುರುವಾರದ ಗೆರೆಯಲ್ಲಿ ಬರೆದೆ: ಅನ್ನ, ಆಲೂಗಡ್ಡೆ, ಬ್ರೆಡ್ಡು ಏಳು. ಅದರ ಕೆಳಗೆ: ರಾತ್ರಿ, ಮೊಟ್ಟೆ ಎರಡು, ಸೊಪ್ಪು. ಬರೆಯುತ್ತ ಬರೆಯುತ್ತ ನನ್ನೊಳಗೆ ಏನೋ ಸೆಟೆದು ನಿಂತಿತು. ಏಳು ತುಂಡು ಬ್ರೆಡ್ಡು ನನ್ನನ್ನು ಬೀಳಿಸಬಹುದು. ಎದ್ದೇಳದಂತೆ ಮಾಡಲು ಅದಕ್ಕೆ ಏನು ಅಧಿಕಾರ?

ಶುಕ್ರವಾರ ಬೆಳಗ್ಗೆ ಒಲೆ ಹಚ್ಚುವ ಮೊದಲೇ ಹೆಡ್ ಮೇಡಮ್ಮಿನ ಮುಂದೆ ನಿಂತೆ.

“ಇವತ್ತಿಂದ ಪೂರ್ತಿ ತಟ್ಟೆ ತಿಂತೀನಿ ಮೇಡಂ. ಮೊಟ್ಟೆ, ಎಲೆಕೋಸು ತಟ್ಟೆ ತುಂಬ. ಅನ್ನ, ಆಲೂಗಡ್ಡೆ ಒಂದೊಂದೇ ಚಮಚ. ಯಾಕೆ ಅಂತ ಮಕ್ಕಳಿಗೆ ನಾನೇ ಹೇಳ್ತೀನಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೆಡೋದು ಅನ್ನಾನೇ ಅಲ್ವಾ? ಅದನ್ನೇ ಬಿಟ್ರೆ ಹೇಗೆ?” ಕನ್ನಡಕವನ್ನು ಮತ್ತೆ ಏರಿಸಿಕೊಂಡರು. “ಒಂದು ದಾರಿ ಇದೆ. ನಿಮ್ಮ ಮಗಳು ಇಲ್ಲೇ ಓದ್ತಿದಾಳಲ್ಲ. ಅವಳು ಮುಂದೆ ಬಂದು ಮೊದಲ ತಟ್ಟೆ ತಿನ್ನಲಿ. ತಾಯಿ ಮಗುಗೆ ಕೆಟ್ಟದ್ದು ಕೊಡಲ್ಲ ಅಂತ ಎಲ್ಲರಿಗೂ ಗೊತ್ತು. ನಿಮ್ಮ ಕಾಲೂ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಆಗಲ್ಲ ಮೇಡಂ.”

“ಯಾಕ್ರೀ? ದಿನಾ ಅವಳು ತಿನ್ನೋ ಊಟಾನೇ ತಾನೆ?”

“ತಿಂತಾಳೆ. ಮಗು ಆಗಿ ತಿಂತಾಳೆ. ಸಾಕ್ಷಿ ಆಗಿ ತಿನ್ನೋದು ಬೇಡ. ಈ ಕೆಲಸ ನನ್ನ ಬಾಯಿದು. ನನ್ನಮ್ಮನಿಂದ ನಂಗೆ ದಾಟಿರೋದೇ ಸಾಕು, ನನ್ನಿಂದ ಅವಳಿಗೆ ಏನನ್ನೂ ದಾಟಿಸಲ್ಲ. ಬೇರೆ ಅಡುಗೆಯವರನ್ನ ನೋಡೋದಾದ್ರೆ ನೋಡಿ. ಅವರು ಬರೋವರೆಗೂ ನಾನು ಹೇಳಿದ ಹಾಗೇ ತಿಂತೀನಿ.”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ತಿರುಗಿದರೆ ಬಾಗಿಲಲ್ಲಿ ಜೀರಿಗೆ. ಎಷ್ಟು ಜನ ಬಂದಿದ್ದಾರೆ ಎಂಬ ಚೀಟಿಯನ್ನು ಬೆಳಗ್ಗೆ ಎಲ್ಲ ಕ್ಲಾಸಿನಿಂದಲೂ ಒಬ್ಬೊಬ್ಬರು ತರುತ್ತಾರೆ, ಅಕ್ಕಿ ಅಳೆಯಲು. ಅಂದು ಅವಳ ಸರದಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಯಿ ತೆರೆದಳು.

“ಮೂವತ್ತೆರಡು ಜನ” ಎಂದು ಚೀಟಿ ಮೇಜಿನ ಮೇಲಿಟ್ಟು ಓಡಿಹೋದಳು.

ಅಂದಿನ ಅಡುಗೆ ಅನ್ನ, ಬೇಯಿಸಿದ ಆಲೂಗಡ್ಡೆ, ಎಲೆಕೋಸು, ಮೊಟ್ಟೆ. ಮಾಡಿದ್ದು ಎಂದಿನ ಕೈಯೇ. ಆದರೆ ಎಲೆಕೋಸು ಹೆಚ್ಚುವಾಗ ಪಾತ್ರೆ ತೊಳೆಯುವವಳು “ಅಕ್ಕಾ, ಅದು ಎಲೆಕೋಸು, ಹೆಡ್ ಮೇಡಂ ಅಲ್ಲ, ನಿಧಾನ” ಎಂದಳು.

ಮಕ್ಕಳು ಸಾಲಾಗಿ ಕೂತರು. ಹೆಡ್ ಮೇಡಂ ಕೈಗಂಟೆ ಹಿಡಿದು ಗೋಡೆಯ ಬಳಿ ನಿಂತರು. ನಾನು ತಟ್ಟೆ ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಬಡಿಸಿಕೊಂಡೆ. ಎಲೆಕೋಸು ಒಂದು ಗುಡ್ಡೆ. ಮೊಟ್ಟೆ ಎರಡು. ಅನ್ನ ಒಂದು ಚಮಚ, ಆಲೂಗಡ್ಡೆ ಒಂದು ಚಮಚ. ಗುಸುಗುಸು ಎದ್ದಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡೆ. ಹನ್ನೊಂದು ವರ್ಷ ಆ ಮೇಜಿನ ಹಿಂದೆ ತಿಂದಿದ್ದೆನೇ ಹೊರತು ಒಂದು ದಿನವೂ ಮಾತಾಡಿರಲಿಲ್ಲ.

“ನಂಗೆ ಶುಗರ್ ಇದೆ” ಎಂದೆ. “ಅನ್ನ, ಬ್ರೆಡ್ಡು, ಆಲೂಗಡ್ಡೆ ನನ್ನ ಮೈಗೆ ಹೋದ್ರೆ ರಕ್ತದಲ್ಲಿ ಸಕ್ಕರೆ ಆಗಿ ನಿಂತ್ಕೊಳತ್ತೆ. ಹಾಗೇ ನಿಂತ್ರೆ ಕಾಲು ಕೆಡುತ್ತೆ. ನನ್ನಮ್ಮಂಗೆ ಹಾಗೇ ಒಂದು ಕಾಲು ಹೋಯ್ತು. ನಂಗೆ ನನ್ನ ಕಾಲು ಬೇಕು. ಅದಕ್ಕೇ ಅನ್ನ ಒಂದು ಚಮಚ. ಹಲ್ಲಿ ಬಿದ್ದಿಲ್ಲ. ಇಲಿ ಬಿದ್ದಿಲ್ಲ. ಆನೆ ಬಿದ್ದಿದ್ರೆ ನಂಗೆ ಗೊತ್ತಾಗಿರೋದು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ನಿನ್ನೆ ತಪ್ಪು ಮಾಡ್ದೆ, ಹೆದರಿ ಪೂರ್ತಿ ತಟ್ಟೆ ತಿಂದೆ. ಇವತ್ತು ತಿನ್ನಲ್ಲ, ನಾಳೆನೂ ತಿನ್ನಲ್ಲ. ಅನುಮಾನ ಇದ್ದೋರು ಬೆಳಗ್ಗೆ ಅಡುಗೆಮನೆಗೆ ಬಂದು ಪಕ್ಕದಲ್ಲೇ ನಿಂತು ನೋಡಿ. ಕೈ ತೊಳ್ಕೊಂಡು ಬನ್ನಿ ಅಷ್ಟೆ. ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳಿ.”

ಉದ್ದನೆಯ ಹುಡುಗಿ ಎದ್ದಳು. “ಹಾಗಾದ್ರೆ ಅನ್ನ ವಿಷಾನಾ ಆಂಟಿ?”

“ನಿನ್ನ ಅಂಗಿ ನಂಗೆ ಆಗುತ್ತಾ?”

ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆದಳು. “ಹರಿದೇ ಹೋಗುತ್ತೆ.”

“ಹಾಗಂತ ಅಂಗಿ ಕೆಟ್ಟದ್ದಾ?”

ಈ ಸಲ ಹಾಲಿಗೆ ಹಾಲೇ ನಕ್ಕಿತು. ನಾನು ತಿನ್ನತೊಡಗಿದೆ. ಅನ್ನದ ಚಮಚ ಮೊದಲು, ಆಮೇಲೆ ಆಲೂಗಡ್ಡೆ, ಆಮೇಲೆ ಉಳಿದದ್ದು, ತಟ್ಟೆಯ ತಳ ಕಾಣುವವರೆಗೆ. ಯಾರೂ ಅವಸರ ಮಾಡಲಿಲ್ಲ.

ಹೆಡ್ ಮೇಡಂ ಗೋಡೆಯಿಂದ ಕದಲಿ ಮೇಜಿನ ಹತ್ತಿರ ಬಂದರು. ಒಂದು ತಟ್ಟೆ ಎತ್ತಿಕೊಂಡು, ಅನ್ನ, ಆಲೂಗಡ್ಡೆ ಹಾಕಿಕೊಂಡು, ನನ್ನ ಪಕ್ಕದಲ್ಲೇ ನಿಂತು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಮುನ್ನೂರು ಜೊತೆ ಕಣ್ಣು ಅವರ ದವಡೆಯ ಮೇಲಿತ್ತು.

“ಉಪ್ಪು ಒಂಚೂರು ಕಮ್ಮಿ” ಎಂದರು ಗಟ್ಟಿಯಾಗಿ. ನನಗೆ ಮಾತ್ರ ಕೇಳುವಂತೆ, “ಅನ್ನದ ಪಾಲು ನಂದು. ಆದ್ರೆ ನಂಗೂ ವಯಸ್ಸಾಯ್ತು ಕಣ್ರೀ, ತುಂಬ ವರ್ಷ ಆಗಲ್ಲ” ಎಂದು ಸೇರಿಸಿದರು.

ಅವರು ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು ಗಂಟೆ ಎತ್ತಿದರು. ಆಗ ಮೂರನೇ ಕ್ಲಾಸಿನವರ ಸಾಲಿನಲ್ಲಿ ಒಂದು ಪುಟ್ಟ ಕೈ ಮೇಲೆದ್ದಿತು. ಬೀಳದಿರಲೆಂದು ಇನ್ನೊಂದು ಕೈ ಅದರ ಮೊಣಕೈಯನ್ನು ಹಿಡಿದುಕೊಂಡಿತ್ತು.

ಹೆಡ್ ಮೇಡಂ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದರು. “ಕೇಳು ಮಗು.”

ಜೀರಿಗೆ ಎದ್ದು ನಿಂತಳು. ಶಾಲೆಯಲ್ಲಿ ಅವಳೂ ಎಲ್ಲರ ಹಾಗೆ ನನ್ನನ್ನು ಆಂಟಿ ಎನ್ನುತ್ತಾಳೆ. ನನ್ನ ಕಾಲಿನ ಬಗ್ಗೆಯೇ ಕೇಳುತ್ತಾಳೆಂದು ನಾನು ತಯಾರಾಗಿ ನಿಂತೆ. ಅವಳು ನನ್ನ ಕಾಲನ್ನು ನೋಡಲಿಲ್ಲ, ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ ತಲೆಯೆತ್ತಿ, ಆ ದೊಡ್ಡ ಹಾಲಿನ ಮೂಲೆಮೂಲೆಗೂ ಕೇಳುವ ಹಾಗೆ ಕೇಳಿದಳು.

“ಅಮ್ಮಾ, ಅಜ್ಜಿಗೆ ಬಂತು, ಆಮೇಲೆ ನಿಂಗೆ ಬಂತು. ಆಮೇಲೆ ನಂಗಾ?”